ಮೊದಲು ಬಂದ ಮೀನು

ನಮ್ಮಮ್ಮ ಗಂಗೊಳ್ಳಿ ಸುತ್ತಮುತ್ತಲ ಊರುಗಳಲ್ಲಿ ಬುಟ್ಟಿ ಹೊತ್ತು ಮೀನು ಮಾರಿದವಳು. ಬೆಳಕು ಹರಿಯುವ ಮೊದಲು ಬಂದರಿಗೆ ಹೋಗಿ, ಹರಾಜಿನಲ್ಲಿ ಸಿಕ್ಕಿದ್ದನ್ನು ತಂದು, ಬಿಸಿಲೇರುವುದರೊಳಗೆ ಮೂರು ಊರು ಮುಗಿಸುತ್ತಿದ್ದಳು. ಆ ದುಡ್ಡಿನಲ್ಲಿ ನಾನು ಪತ್ರಿಕೋದ್ಯಮ ಓದಿದೆ. ಓದು ಮುಗಿಸಿ ಬೆಂಗಳೂರಿಗೆ ಬಂದಾಗ ಮೊದಲು ಸಂಬಳ ಕೊಟ್ಟ ಕೆಲಸ ಮಾತ್ರ ಪತ್ರಿಕೆಯದ್ದಲ್ಲ, ಮೀನಿನದ್ದೇ.

ಅದೊಂದು ಅಕ್ವೇರಿಯಂ ಅಂಗಡಿ. ಮನೆ ಮನೆಗೆ ಹೋಗಿ ಗಾಜಿನ ತೊಟ್ಟಿ ತೊಳೆಯುವುದು, ನೀರು ಬದಲಿಸುವುದು, ಮೀನಿಗೆ ಹುಷಾರಿಲ್ಲದಿದ್ದರೆ ನೋಡುವುದು ನನ್ನ ಕೆಲಸ. ಅರ್ಧ ದಿನ ಅಲ್ಲಿ, ಉಳಿದರ್ಧ ದಿನ ಒಂದು ವಾರಪತ್ರಿಕೆಯಲ್ಲಿ ಸಂಬಳವಿಲ್ಲದ ತರಬೇತಿ. ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಾನ್ ಸತ್ತ್ ಮೀನ್ ಮಾರಿ ನಿನ್ನ ಓದ್ಸ್ದೆ. ನೀನೀಗ ಜೀವ ಇಪ್ಪು ಮೀನಿಗೆ ಚಾಕ್ರಿ ಮಾಡ್ತ್ಯಾ?" ಎಂದಳು. ನಕ್ಕಳೋ ಬೇಜಾರಾದಳೋ ಗೊತ್ತಾಗಲಿಲ್ಲ.

ಈ ಬರಹ ಆ ಹದಿನಾಲ್ಕು ತಿಂಗಳಲ್ಲಿ ನಾನು ಕಂಡ ಒಂದು ಮೀನಿನ ಬಗ್ಗೆ. ಹೆಸರು ಡಾಮಿನೋ. ಹೆಬ್ಬೆರಳಿನಷ್ಟು ಉದ್ದ, ಇದ್ದಿಲಿನಂಥ ಕಪ್ಪು ಮೈ, ಹಣೆಯ ಮೇಲೆ ಒಂದು ಬಿಳಿ ಚುಕ್ಕೆ, ಎರಡು ಪಕ್ಕೆಗಳಲ್ಲಿ ಒಂದೊಂದು. ದೃಷ್ಟಿಬೊಟ್ಟನ್ನು ತಿರುವುಮುರುವು ಮಾಡಿ ಇಟ್ಟ ಹಾಗೆ. ನೋಡಿದರೆ ಮುದ್ದು ಬರುತ್ತದೆ. ಹಾಗೆ ಮುದ್ದು ಬಂದೇ ಜನ ಕೊಳ್ಳುತ್ತಾರೆ.

ಮೊದಲು ಉಪ್ಪುನೀರಿನ ತೊಟ್ಟಿ ಎಂದರೇನು ಎಂದು ಹೇಳಬೇಕು. ನಾವು ಸಾಮಾನ್ಯವಾಗಿ ಹೋಟೆಲು, ಆಸ್ಪತ್ರೆಗಳಲ್ಲಿ ನೋಡುವ ಗೋಲ್ಡ್ ಫಿಶ್, ಗಪ್ಪಿ ಎಲ್ಲ ಸಿಹಿನೀರಿನ ಮೀನು. ಸಮುದ್ರದ ಮೀನು ಸಾಕಬೇಕಾದರೆ ಮನೆಯೊಳಗೆ ಸಮುದ್ರವನ್ನೇ ತಯಾರಿಸಬೇಕು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. 200 ಲೀಟರಿನ ತೊಟ್ಟಿಗೆ ಏಳು ಕಿಲೋ ಉಪ್ಪು ಬೇಕಾಯಿತು. ಅಡುಗೆ ಉಪ್ಪು ನಡೆಯುವುದಿಲ್ಲ. ಕಡಲ ನೀರಿನಲ್ಲಿ ನಮ್ಮ ಊಟದ ಉಪ್ಪಿನ ಜೊತೆ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟಾಷಿಯಂ ಹೀಗೆ ಹಲವು ಲವಣಗಳಿವೆ. ಅವೆಲ್ಲ ಸೇರಿದ ಉಪ್ಪನ್ನು ಚೀಲದಲ್ಲಿ ಮಾರುತ್ತಾರೆ. ನಲ್ಲಿ ನೀರಿನ ಕ್ಲೋರಿನ್ ಆಗದು, ಬೋರ್‌ವೆಲ್‌ನ ಗಡಸು ನೀರೂ ಆಗದು. ಶುದ್ಧೀಕರಿಸಿದ ನೀರು ಬೇಕು. ನೀರಿನ ಬಿಸಿ 25, 26 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಬೇಕು. ಬೇಸಿಗೆಯಲ್ಲಿ ಅದಕ್ಕೂ ಒಂದು ತಂಪು ಮಾಡುವ ಯಂತ್ರ. ನಮ್ಮೂರಲ್ಲಿ ಮನುಷ್ಯರಿಗೇ ಇಲ್ಲದ್ದು.

ಇಷ್ಟೆಲ್ಲ ಮಾಡಿದ ದಿನವೇ ಮೀನು ಬಿಡುವಂತಿಲ್ಲ. ಕೃಷಿಕರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹಸಿ ಸಗಣಿಯನ್ನು ಗಿಡದ ಬುಡಕ್ಕೆ ಹಾಕಿದರೆ ಗಿಡ ಸುಡುತ್ತದೆ, ಕಳಿತ ಗೊಬ್ಬರ ಹಾಕಿದರೆ ಚಿಗುರುತ್ತದೆ. ಮೀನಿನ ಹೇಲು ಉಚ್ಚೆಯಿಂದ ನೀರಿನಲ್ಲಿ ಅಮೋನಿಯಾ ಆಗುತ್ತದೆ, ಕೋಳಿ ಫಾರಂ ಹತ್ತಿರ ಮೂಗಿಗೆ ಹೊಡೆಯುತ್ತದಲ್ಲ, ಅದೇ. ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದ್ದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ, ಅದನ್ನು ಮೀನು ಒಂದು ಮಟ್ಟದವರೆಗೆ ತಾಳುತ್ತದೆ. ಈ ಎರಡೂ ಸೈನ್ಯ ಕಲ್ಲು ಮರಳಿನಲ್ಲಿ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ತೊಟ್ಟಿ ಹಸಿ ಗೊಬ್ಬರದ ಗುಂಡಿ.

ಆದರೆ ಲಕ್ಷ ರೂಪಾಯಿ ಖರ್ಚು ಮಾಡಿದವರಿಗೆ ಆರು ವಾರ ಖಾಲಿ ತೊಟ್ಟಿ ನೋಡುತ್ತ ಕೂರುವ ತಾಳ್ಮೆ ಇರುವುದಿಲ್ಲ. ಬ್ಯಾಕ್ಟೀರಿಯಾಕ್ಕೂ ಏನಾದರೂ ಆಹಾರ ಬೇಕು. ಅದಕ್ಕೆ ಅಂಗಡಿಯವರು ಕಂಡುಕೊಂಡ ಹಳೆಯ ದಾರಿ ಏನೆಂದರೆ, ಅಗ್ಗದ, ಗಟ್ಟಿ ಜೀವದ ಎರಡು ಮೂರು ಮೀನು ಮೊದಲು ಬಿಡುವುದು. ವಿಷದ ನೀರನ್ನೂ ತಾಳಿಕೊಂಡು ಬದುಕುವ ಮೀನು. ಡ್ಯಾಮ್ಸೆಲ್ ಎಂಬ ದೊಡ್ಡ ಕುಟುಂಬದ ಮೀನುಗಳು ಅಂಥವು. ಡಾಮಿನೋ ಆ ಕುಟುಂಬದ್ದು. ಸಿನಿಮಾದಿಂದ ಪ್ರಸಿದ್ಧವಾದ, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಮೀನೂ ಅದೇ ಕುಟುಂಬದ ಸಂಬಂಧಿ.

ಒಂದು ಅಪಾರ್ಟ್‌ಮೆಂಟಿನ ಏಳನೇ ಮಹಡಿಯ ಮನೆಗೆ ನಾನು ಹೀಗೇ ಮೂರು ಡಾಮಿನೋ ಬಿಟ್ಟೆ. ನಾಲ್ಕು ಅಡಿಯ ತೊಟ್ಟಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಮೂರನೇ ಕ್ಲಾಸಿನ ಒಬ್ಬಳು ಮಗಳು. "ಇವು ಬದುಕಿದರೆ ಮುಂದೆ ಬೇರೆ ಮೀನೂ ಬದುಕುತ್ತವೆ" ಎಂದು ಅವರಿಗೆ ಹೇಳಿದವಳು ನಾನೇ. ಅಂಗಡಿಯಲ್ಲಿ ಕಲಿಸಿದ್ದ ಮಾತು ಅದು. ಮಾರಿದ ಪ್ರತಿ ಮೀನಿಗೂ ನನಗೆ ಸ್ವಲ್ಪ ಕಮಿಷನ್ ಬರುತ್ತಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಅವು ಬದುಕಿದವು. ಚೆನ್ನಾಗಿಯೇ ಬದುಕಿದವು. ತೊಂದರೆ ಶುರುವಾಗಿದ್ದೇ ಅಲ್ಲಿಂದ.

ಎರಡನೇ ತಿಂಗಳಲ್ಲಿ ಮೂರರಲ್ಲಿ ಒಂದು ದಪ್ಪವಾಯಿತು. ಉಳಿದೆರಡರ ರೆಕ್ಕೆಯ ಅಂಚು ಇಲಿ ತಿಂದ ಬಟ್ಟೆಯ ಹಾಗೆ ಹರಿದಿತ್ತು. ಒಂದು ದಿನ ಹೋದಾಗ ಎರಡೇ ಇದ್ದವು. ಮುಂದಿನ ತಿಂಗಳು ಒಂದೇ. ನಾಲ್ಕಡಿ ತೊಟ್ಟಿಯ ಎಡಮೂಲೆಯ ಕಲ್ಲಿನ ಗವಿ ಅದರ ಮನೆ. ಆದರೆ ಅದು ತನ್ನದೆಂದುಕೊಂಡಿದ್ದು ಗವಿಯನ್ನಷ್ಟೇ ಅಲ್ಲ, ಇಡೀ ತೊಟ್ಟಿಯನ್ನು. ಗಾಜು ಒರೆಸಲು ಕೈ ಹಾಕಿದರೆ ನನ್ನ ಮಣಿಕಟ್ಟಿಗೇ ಬಂದು ಕುಟುಕುತ್ತಿತ್ತು. ನೋವಾಗುತ್ತಿರಲಿಲ್ಲ, ಆದರೆ ಬೆಚ್ಚಿ ಕೈ ಹಿಂದಕ್ಕೆ ತೆಗೆಯುತ್ತಿದ್ದೆ. ಎರಡು ಇಂಚಿನ ಮೀನು ಐದಡಿಯ ಮನುಷ್ಯಳನ್ನು ಓಡಿಸುತ್ತಿತ್ತು.

ಆಮೇಲೆ ಮಗುವಿನ ಆಸೆಗೆ ಒಂದು ಜೋಡಿ ಕ್ಲೌನ್ ಮೀನು ತಂದೆವು. ಈ ಮೀನುಗಳಲ್ಲಿ ದೊಡ್ಡದು ಹೆಣ್ಣು, ಚಿಕ್ಕದು ಗಂಡು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುತ್ತದೆ. ಇದನ್ನು ಹೇಳಿದಾಗ ಹುಡುಗಿ ಬಾಯಿ ಬಿಟ್ಟು ಕೇಳಿದ್ದಳು. ಬಿಟ್ಟ ಹತ್ತು ನಿಮಿಷಕ್ಕೆ ಡಾಮಿನೋ ಬಂದು ಚಿಕ್ಕದರ ಬಾಲಕ್ಕೆ ಹೊಡೆಯಿತು. ಚಿಕ್ಕದು ಹತ್ತು ದಿನ ನೀರಿನ ಪಂಪಿನ ಹಿಂದೆ ಅಡಗಿ ಕೂತಿತ್ತು, ಆಹಾರಕ್ಕೆ ಹೊರಗೆ ಬರಲಿಲ್ಲ. ಹೆದರಿ ಸೊರಗಿದ ಮೀನಿಗೆ ರೋಗ ಬೇಗ ಅಂಟುತ್ತದೆ. ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿ ಚುಕ್ಕೆಗಳಾದವು, ಅದೊಂದು ಪರಾವಲಂಬಿ ಜೀವಿಯ ಕಾಟ. ಹನ್ನೊಂದನೇ ದಿನ ಸತ್ತಿತು. ದೊಡ್ಡದು ಹೇಗೋ ಉಳಿಯಿತು, ಬಲಮೂಲೆಯಲ್ಲಿ, ಗಾಜಿಗೆ ಅಂಟಿಕೊಂಡ ಹಾಗೆ.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಅಂಗಡಿಯಲ್ಲಿ ಹೊಸ ಮಾಲು ಬಂದಿತ್ತು. ಫೈರ್‌ಫಿಶ್ ಎಂಬ ಮೀನು, ಮುಂದಿನ ಅರ್ಧ ಬಿಳಿ, ಹಿಂದಿನ ಅರ್ಧ ಕೆಂಡ, ಬೆನ್ನ ಮೇಲೆ ಉದ್ದದ ಒಂದು ಕಡ್ಡಿ. ಬಹಳ ಸಾಧು. ಹುಡುಗಿ ಅಂಗಡಿಗೆ ಬಂದು ತಾನೇ ಆರಿಸಿದಳು, ಹೆಸರೂ ಇಟ್ಟಳು. ಈ ಮೀನು ಹೆದರಿದರೆ ಹಾರುತ್ತದೆ ಎಂದು ನನಗೆ ಗೊತ್ತಿತ್ತು. ತೊಟ್ಟಿಯ ಮೇಲಿನ ಮುಚ್ಚಳದಲ್ಲಿ ಪೈಪು ಹೋಗಲು ಮೂರು ಬೆರಳಿನಷ್ಟು ಸಂದಿ ಇತ್ತು, ಅದೂ ಗೊತ್ತಿತ್ತು. ಜಾಲರಿ ನಾಳೆ ಹಾಕೋಣ ಎಂದುಕೊಂಡು ಬಸ್ಸು ಹಿಡಿದೆ.

ಮರುದಿನ ಬೆಳಿಗ್ಗೆ ಆ ಮನೆಯ ತಾಯಿ ಫೋನ್ ಮಾಡಿ ಮೀನು ಕಾಣುತ್ತಿಲ್ಲ ಎಂದರು. ಹೋಗಿ ಹುಡುಕಿದೆ. ಸೋಫಾದ ಹಿಂದೆ ಸಿಕ್ಕಿತು, ನಮ್ಮೂರಿನ ಒಣಮೀನಿನ ಹಾಗೆ ಸೆಟೆದುಕೊಂಡು. ಹುಡುಗಿ ಶಾಲೆಗೆ ಹೋಗಿದ್ದಳು. ಸಂಜೆ ಅವಳು ಕೇಳಿದರೆ ಏನು ಹೇಳುವುದು ಎಂದು ತಾಯಿ ಕೇಳಿದರು. "ಅದಕ್ಕೆ ಇಲ್ಲಿ ಬೇಜಾರಾಯಿತು, ವಾಪಸ್ ಸಮುದ್ರಕ್ಕೆ ಕಳಿಸಿದೆವು ಅಂತ ಹೇಳಿ" ಎಂದೆ. ಆ ಮೀನಿನ ದುಡ್ಡನ್ನು ಅಂಗಡಿಯವರು ನನ್ನ ಸಂಬಳದಲ್ಲಿ ಹಿಡಿದುಕೊಂಡರು. ಅದರ ಬಗ್ಗೆ ನನಗೆ ದೂರಿಲ್ಲ. ಸಂದಿ ಬಿಟ್ಟವಳು ನಾನು.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಆ ಕಪ್ಪು ಮೀನನ್ನು ಬಾಯಿಗೆ ಬಂದಂತೆ ಬೈದೆ. ಅದರ ಜಾತಿಯೇ ಅಂಥದ್ದು, ಕೊಲೆಗಾರ ಮೀನು ಎಂದೆ. ಅಮ್ಮ ಬಂಗುಡೆ ಸುಚ್ಚುತ್ತ ಕೇಳಿಸಿಕೊಳ್ಳುತ್ತಿದ್ದಳು, ಕತ್ತಿಯ ಸದ್ದು ಕೇಳಿಸುತ್ತಿತ್ತು. ಆಮೇಲೆ ಹೇಳಿದಳು: "ಅಷ್ಟ್ ದೊಡ್ಡ ಕಡ್ಲ್ ಇತ್ತಲೆ, ಅಲ್ಲ್ ಒಂದ್ ಅಟ್ಟಿರೆ ಇನ್ನೊಂದ್ ಓಡ್ ಹೋತ್ತ್. ಪೆಟ್ಟಿಗೆಯಂಗೆ ಎಲ್ಲಿಗ್ ಓಡುದ್ ಅದ್?"

ನಾನು ಓದಿದ ಪುಸ್ತಕಗಳೆಲ್ಲ ಹೇಳುವುದೂ ಇದನ್ನೇ. ಡಾಮಿನೋ ಹಿಂದೂ ಮಹಾಸಾಗರದ ಹವಳದ ಬಂಡೆಗಳ ಮೀನು. ಮರಿಯಾಗಿದ್ದಾಗ ಕಡಲ ಹೂವಿನ ಕುಟುಕುವ ಎಸಳುಗಳ ಮಧ್ಯೆ ಆಸರೆ ಪಡೆಯುತ್ತದೆ. ದೊಡ್ಡದಾದರೆ ಅಂಗೈ ಅಗಲ ಆಗುತ್ತದೆ, ಆ ಮುದ್ದಾದ ಚುಕ್ಕೆಗಳು ಮಾಸಿಹೋಗುತ್ತವೆ. ಈ ಜಾತಿಯಲ್ಲಿ ಮೊಟ್ಟೆ ಕಾಯುವುದು ಗಂಡು. ಹೆಣ್ಣು ಕಲ್ಲಿನ ಮೇಲೆ ಮೊಟ್ಟೆ ಅಂಟಿಸಿ ಹೋಗುತ್ತದೆ, ಗಂಡು ರೆಕ್ಕೆಯಿಂದ ಗಾಳಿ ಬೀಸುತ್ತ, ಬಂದವರನ್ನೆಲ್ಲ ಅಟ್ಟುತ್ತ ನಿಲ್ಲುತ್ತದೆ. ತನಗಿಂತ ಎಷ್ಟೋ ದೊಡ್ಡ ಮೀನನ್ನೂ, ಮುಳುಗುಗಾರರನ್ನೂ ಎದುರಿಸುತ್ತದೆ. ಕಡಲಲ್ಲಿ ಅದಕ್ಕೆ ಬೇಕಾಗಿರುವುದು ಇಷ್ಟೇ, ಬಂದವನು ನಾಲ್ಕು ಮಾರು ಆಚೆ ಹೋಗಬೇಕು. ಹೋದರೆ ಜಗಳ ಮುಗಿಯಿತು. ತೊಟ್ಟಿಯಲ್ಲಿ ಹೋಗಲು ನಾಲ್ಕು ಮಾರಿಲ್ಲ. ಓಡಿಸಿಕೊಂಡವನು ಎಷ್ಟು ಓಡಿದರೂ ಕಣ್ಣೆದುರೇ ಇರುತ್ತಾನೆ. ಹಾಗಾಗಿ ಅಟ್ಟುವುದು ಮುಗಿಯುವುದೇ ಇಲ್ಲ, ಒಬ್ಬರು ಸಾಯುವ ತನಕ.

ಇಲ್ಲಿ ನನ್ನದೇ ಒಂದು ಕಥೆ ಹೇಳಬೇಕು. ಹೇಳದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ.

ಆಗ ನಾನಿದ್ದ ಪಿಜಿಯಲ್ಲಿ ಒಂದು ರೂಮಿಗೆ ಮೂರು ಮಂಚ. ನಾನು ಎಲ್ಲರಿಗಿಂತ ಮೊದಲು ಬಂದವಳು. ಬಂದ ಹೊಸತರಲ್ಲಿ ಆ ಪಿಜಿಯಲ್ಲಿ ಬಿಸಿನೀರಿರಲಿಲ್ಲ, ತಿಗಣೆ ಬೇರೆ. ಅದನ್ನೆಲ್ಲ ಸಹಿಸಿಕೊಂಡು ಕಿಟಕಿ ಪಕ್ಕದ ಮಂಚ, ಬೀಗವಿರುವ ಒಂದೇ ಬೀರು, ಫೋನ್ ಚಾರ್ಜ್ ಮಾಡುವ ಒಂದೇ ಪ್ಲಗ್ಗು ನನ್ನದು ಮಾಡಿಕೊಂಡಿದ್ದೆ. ಆಮೇಲೆ ಕೊಪ್ಪಳದ ಕಡೆಯ ಒಬ್ಬಳು ಹುಡುಗಿ ಬಂದಳು. ಕಾಲ್ ಸೆಂಟರಿನಲ್ಲಿ ಕೆಲಸ, ರಾತ್ರಿ ಪಾಳಿ. ಬೆಳಿಗ್ಗೆ ಬಂದು ಮಲಗುವಾಗ ನಾನು ಬೇಕೆಂದೇ ಕಿಟಕಿ ತೆರೆದಿಡುತ್ತಿದ್ದೆ, ಬೆಳಕು ಅವಳ ಮುಖಕ್ಕೇ ಬೀಳುತ್ತಿತ್ತು. ಅವಳ ಊರಿನ ಮಾತಿನ ದಾಟಿಯನ್ನು ಅಣಕಿಸಿ ಇನ್ನೊಬ್ಬಳ ಜೊತೆ ನಗುತ್ತಿದ್ದೆ. ನನ್ನ ಕುಂದಾಪ್ರ ಕನ್ನಡಕ್ಕೆ ಕಾಲೇಜಿನಲ್ಲಿ ಜನ ನಕ್ಕಿದ್ದು ನನಗೆ ನೆನಪಿರಲಿಲ್ಲ ಎಂದಲ್ಲ. ಅವಳು ತಂದಿಟ್ಟ ಜೋಳದ ರೊಟ್ಟಿಯ ಡಬ್ಬಿಯನ್ನು "ವಾಸನೆ" ಎಂದು ರೂಮಿನ ಹೊರಗಿಡಿಸಿದೆ. ಮೀನುಮಾರುವವಳ ಮಗಳು ಇನ್ನೊಬ್ಬರ ಊಟಕ್ಕೆ ವಾಸನೆ ಎಂದಳು.

ಆ ಹುಡುಗಿ ಜಗಳವಾಡಲಿಲ್ಲ. ಎರಡು ತಿಂಗಳು ರಜಾ ದಿನಗಳಲ್ಲೂ ರೂಮಿನಲ್ಲಿ ಕೂರದೆ, ಮಹಡಿ ಮೇಲಿನ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತು ಫೋನ್ ನೋಡುತ್ತಿದ್ದಳು. ಮೂರನೇ ತಿಂಗಳು ಕೊಟ್ಟ ಮುಂಗಡವನ್ನೂ ಬಿಟ್ಟು ಖಾಲಿ ಮಾಡಿದಳು.

ಅವಳು ಹೋದ ಮಾರನೇ ದಿನವೇ ನನಗೆ ಜ್ಞಾನೋದಯವಾಯಿತು ಎಂದು ಬರೆದರೆ ಸುಳ್ಳು. ನನಗೆ ಖುಷಿಯೇ ಆಗಿತ್ತು, ಅವಳ ಮಂಚದ ಮೇಲೆ ನನ್ನ ಚೀಲ ಇಟ್ಟುಕೊಂಡೆ. ಅಮ್ಮ ಪೆಟ್ಟಿಗೆಯ ಮಾತು ಹೇಳಿದ ರಾತ್ರಿ, ಆ ಚೀಲ ಕಣ್ಣಿಗೆ ಬಿತ್ತು. ಪಂಪಿನ ಹಿಂದೆ ಕೂತ ಮೀನೂ ಟ್ಯಾಂಕಿನ ಹಿಂದೆ ಕೂತ ಹುಡುಗಿಯೂ ಒಟ್ಟಿಗೇ ನೆನಪಾದರು.

ಡಾಮಿನೋ ವಿಷಯಕ್ಕೆ ಬರುತ್ತೇನೆ. ಅದನ್ನು ತೊಟ್ಟಿಯಿಂದ ತೆಗೆಯಲೇಬೇಕಿತ್ತು. ಹೀಗೆ ತಂಟೆ ಮಾಡುವ ಮೀನನ್ನು ಸರಿದಾರಿಗೆ ತರಲು ಕೆಲವು ಉಪಾಯಗಳಿವೆ. ಕಲ್ಲುಗಳ ಜಾಗವನ್ನೆಲ್ಲ ಬದಲಿಸುವುದು ಒಂದು. ಮನೆ, ಗಡಿ ಎಲ್ಲ ಅಳಿಸಿಹೋದರೆ ಹಳಬನೂ ಹೊಸಬನಾಗುತ್ತಾನೆ. ಇಲ್ಲವೇ ಹೊಸ ಮೀನನ್ನು ಕೆಲವು ದಿನ ತೂತಿನ ಡಬ್ಬಿಯೊಳಗೆ ಇಟ್ಟು ಅದೇ ತೊಟ್ಟಿಯಲ್ಲಿ ತೂಗುಬಿಡಬಹುದು. ಪರಸ್ಪರ ನೋಡುತ್ತವೆ, ಕಚ್ಚಲು ಆಗುವುದಿಲ್ಲ. ಇನ್ನೊಂದು ಉಪಾಯ, ರೌಡಿಯನ್ನೇ ಹಿಡಿದು ಬೇರೆ ಕಡೆ ವಾರಗಟ್ಟಲೆ ಇಟ್ಟು, ಉಳಿದವು ನೆಲೆಯೂರಿದ ಮೇಲೆ ಕೊನೆಗೆ ಬಿಡುವುದು. ಎಲ್ಲಕ್ಕಿಂತ ಒಳ್ಳೆಯದು ಶುರುವಿನಲ್ಲೇ ಸಾಧು ಮೀನನ್ನು ಮೊದಲು, ಜಗಳಗಂಟಿಯನ್ನು ಕೊನೆಗೆ ಬಿಡುವುದು. ತೊಟ್ಟಿ ಹದವಾಗಲು ಮೀನು ಬೇಕೆಂದೇ ಇಲ್ಲ. ಒಂದು ಚೂರು ಸಿಗಡಿ ಕೊಳೆಯಲು ಬಿಟ್ಟರೂ ಅಮೋನಿಯಾ ಬರುತ್ತದೆ, ಬಾಟಲಿಯಲ್ಲಿ ಬ್ಯಾಕ್ಟೀರಿಯಾವೂ ಸಿಗುತ್ತದೆ. ಇದು ನನಗೆ ತಿಳಿದಿದ್ದು ಇಷ್ಟು ಮೀನು ಸತ್ತ ಮೇಲೆ.

ಕಲ್ಲು ಬದಲಿಸಿ ನೋಡಿದೆ. ಎರಡು ದಿನ ತಣ್ಣಗಿತ್ತು, ಮೂರನೇ ದಿನ ಹಳೆಯ ಚಾಳಿ. ಹಿಡಿಯೋಣವೆಂದರೆ ಬಲೆ ಕಂಡೊಡನೆ ಗವಿಗೆ ನುಗ್ಗುತ್ತಿತ್ತು. ಕಡಲಿನ ಮಕ್ಕಳಾದ ನಮಗೆ ಒಂದು ಬೆರಳುದ್ದದ ಮೀನು ಹಿಡಿಯಲಾಗದೆ ಒಂದು ಮಧ್ಯಾಹ್ನ ಹೋಯಿತು. ಆಗ ನೆನಪಾಗಿದ್ದು ಅಜ್ಜ. ಮೊದಲ ಮಳೆಗೆ ಗದ್ದೆಗೆ ಹತ್ತುವ ಮೀನಿಗೆ ಅವನು ಬಿದಿರಿನ ಕೂಳಿ ಇಡುತ್ತಿದ್ದ. ಒಳಗೆ ಹೋಗಲು ಅಗಲ ಬಾಯಿ, ಹೊರಗೆ ಬರಲು ದಾರಿ ಇಲ್ಲ. ಒಂದು ಲೀಟರಿನ ನೀರಿನ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನು ತಲೆಕೆಳಗಾಗಿ ಒಳಗೆ ತೂರಿಸಿದೆ. ಒಳಗೆ ಒಂದು ಚೂರು ಸಿಗಡಿ. ಹುಡುಗಿ ಗಾಜಿಗೆ ಮೂಗೊತ್ತಿ ಕಾದಳು. ಬೇರೆಯವರ ಪಾಲು ಬಿಟ್ಟುಕೊಡದವನಿಗೆ ಸಿಗಡಿ ಬಿಡಲಾಗುತ್ತದೆಯೇ? ಇಪ್ಪತ್ತು ನಿಮಿಷದಲ್ಲಿ ಒಳಗಿದ್ದ.

ಬಾಟಲಿ ಮೇಲೆತ್ತಿದಾಗ ಹುಡುಗಿ ಕೇಳಿದಳು, "ಅಕ್ಕ, ಇದು ಕೆಟ್ಟ ಮೀನಾ?"

ಆಗ ಅವಳಿಗೆ ಎಲ್ಲ ಹೇಳಿದೆ. ಕೆಂಪು ಮೀನು ಸಮುದ್ರಕ್ಕೆ ಹೋಗಲಿಲ್ಲ, ಹಾರಿ ಬಿದ್ದು ಸತ್ತಿತು, ಮುಚ್ಚಳದ ಸಂದಿ ಮುಚ್ಚದೆ ಹೋದದ್ದು ನಾನು ಎಂದು. ಇದು ಕೆಟ್ಟ ಮೀನಲ್ಲ, ಇದರ ಮನೆ ದೊಡ್ಡದು, ನಾವು ಚಿಕ್ಕ ಮನೆಯಲ್ಲಿಟ್ಟೆವು ಎಂದೆ. ಅವಳು ಅಳಲಿಲ್ಲ. "ನನಗೆ ಗೊತ್ತಿತ್ತು, ಸಮುದ್ರ ದೂರ ಇದೆ" ಎಂದಳು.

ಸಮುದ್ರ ದೂರವೇನೋ ಹೌದು, ಆದರೆ ನನಗೆ ಒಂದು ಆಸೆ ಹುಟ್ಟಿತು. ವಾರದಲ್ಲಿ ದೀಪಾವಳಿ. ಹೇಗೂ ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗುತ್ತೇನೆ. ಆಮ್ಲಜನಕ ತುಂಬಿದ ಚೀಲದಲ್ಲಿ ಇದನ್ನು ಒಯ್ದು ಗಂಗೊಳ್ಳಿಯಲ್ಲಿ ಬಿಟ್ಟರೆ? ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ, ಬಣ್ಣದ ಮೀನುಗಳೂ ಇವೆ. ನಮ್ಮದೇ ಸಾಗರದ ಮೀನು ತಾನೇ, ಮನೆಗೆ ಹೋಗಲಿ.

ತಡೆದಿದ್ದು ಅಂಗಡಿಯ ಹಿರಿಯ ಕೆಲಸಗಾರ. ಅವರು ಒಂದು ಸಿಂಹಮೀನು ತೋರಿಸಿ ಅದರ ಕಥೆ ಹೇಳಿದರು. ಇಂಗ್ಲಿಷಿನಲ್ಲಿ ಲಯನ್‌ಫಿಶ್. ಕೆಂಪು ಬಿಳಿ ಪಟ್ಟೆ, ಸುತ್ತ ಗರಿ ಬಿಚ್ಚಿದಂಥ ರೆಕ್ಕೆ, ಬೆನ್ನಿನ ಹದಿಮೂರೂ ಸೇರಿ ಹದಿನೆಂಟು ವಿಷದ ಮುಳ್ಳು. ಹಿಂದೂ ಮಹಾಸಾಗರ ಮತ್ತು ಶಾಂತಸಾಗರದ ಮೀನಿದು, ಅಟ್ಲಾಂಟಿಕ್ ಸಾಗರದಲ್ಲಿ ಇರಲೇ ಇಲ್ಲ. 1985ರಲ್ಲಿ ಅಮೆರಿಕದ ಫ್ಲಾರಿಡಾ ಕರಾವಳಿಯಲ್ಲಿ ಒಂದು ಕಾಣಿಸಿತು. ಮನೆಯ ತೊಟ್ಟಿಗಳಲ್ಲಿ ಸಾಕಿದವರು ಬೇಡವಾದಾಗ ಕಡಲಿಗೆ ಬಿಟ್ಟಿದ್ದೇ ಮೂಲ ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ತೊಟ್ಟಿಯಲ್ಲಿ ಬಾಯಿಗೆ ಹಿಡಿಯುವ ಎಲ್ಲ ಮೀನನ್ನೂ ಅದು ನುಂಗುತ್ತದೆ, ಜೊತೆಯ ಮೀನು ಮುಗಿದ ಮೇಲೆ ಯಜಮಾನನಿಗೆ ಸಾಕೆನಿಸುತ್ತದೆ. ಕೊಲ್ಲಲು ಮನಸ್ಸು ಬಾರದೆ ಕಡಲಿಗೆ ಬಿಡುತ್ತಾನೆ. ಪುಣ್ಯದ ಕೆಲಸವೆಂದೇ ತಿಳಿದಿರುತ್ತಾನೆ. ಒಂದು ಹೆಣ್ಣು ವರ್ಷಕ್ಕೆ ಸುಮಾರು 20 ಲಕ್ಷ ಮೊಟ್ಟೆ ಇಡಬಲ್ಲದು. ಅಲ್ಲಿನ ಚಿಕ್ಕ ಮೀನುಗಳಿಗೆ ಇದು ಶತ್ರು ಎಂದೇ ಗೊತ್ತಿಲ್ಲ. ಇವತ್ತು ಕೆರಿಬಿಯನ್ ದ್ವೀಪಗಳನ್ನು ದಾಟಿ ಬ್ರೆಜಿಲ್ ತನಕ ಹಬ್ಬಿದೆ. ಅಲ್ಲಿನ ಸರ್ಕಾರಗಳು, ಮೀನುಗಾರರು ಇದನ್ನು ಹಿಡಿಯಲು ಸ್ಪರ್ಧೆ ಇಡುತ್ತಾರೆ, ಮುಳ್ಳು ತೆಗೆದು ತಿನ್ನಿ ಎಂದು ಜನರಿಗೆ ಹೇಳುತ್ತಾರೆ.

"ನನ್ನ ಡಾಮಿನೋ ಇಲ್ಲಿಯದೇ ಅಲ್ಲವೇ?" ಎಂದೆ. ಜಾತಿ ಇಲ್ಲಿಯದು, ಆದರೆ ಅಂಗಡಿಯ ತೊಟ್ಟಿಯಲ್ಲಿ ಯಾವ್ಯಾವ ದೇಶದ ಮೀನಿನ ಜೊತೆ ಒಂದೇ ನೀರಿನಲ್ಲಿತ್ತು, ಯಾವ ರೋಗ ಹೊತ್ತಿದೆ ಎಂದು ಯಾರಿಗೆ ಗೊತ್ತು ಎಂದರು. ಒಂದು ಮೀನಿನ ಮೇಲಿನ ಕರುಣೆಗೆ ಒಂದು ಕಡಲನ್ನು ಪಣಕ್ಕಿಡಬಾರದು. ಅಪ್ಪ ದೋಣಿಗೆ ಹೋಗುವ ಕಡಲು ಅದು. ಆಸೆ ಬಿಟ್ಟೆ.

ಇದು ಕಡಲ ಬದಿಯವರಿಗೆ ಮಾತ್ರ ಹೇಳುವ ಮಾತಲ್ಲ. ಸಿಹಿನೀರಿನ ತೊಟ್ಟಿಯ ಗಾಜು ಸ್ವಚ್ಛ ಮಾಡಲೆಂದು ತರುವ ಸಕ್ಕರ್ ಮೀನು ಗೊತ್ತಲ್ಲ, ಮೈಮೇಲೆ ಕವಚವಿರುವ ಕಪ್ಪು ಮೀನು? ಅದು ದಕ್ಷಿಣ ಅಮೆರಿಕದ್ದು. ದೊಡ್ಡದಾದ ಮೇಲೆ ಜನ ಕೆರೆಗೆ ಬಿಟ್ಟು ಈಗ ದಕ್ಷಿಣ ಭಾರತದ ಹಲವು ಕೆರೆ ಹೊಳೆಗಳಲ್ಲಿ ಸಿಗುತ್ತಿದೆ. ಒರಟು ಮುಳ್ಳು ಬಲೆ ಹರಿಯುತ್ತದೆ, ಮಾರುಕಟ್ಟೆಯಲ್ಲಿ ಕೊಳ್ಳುವವರಿಲ್ಲ. ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ತೊಟ್ಟಿಯ ಮೀನು ಬೇಡವಾದರೆ ಕೆರೆಗೆ, ಬಾವಿಗೆ, ಹೊಳೆಗೆ ಬಿಡಬೇಡಿ. ಅಂಗಡಿಗೆ ವಾಪಸ್ ಕೊಡಿ ಅಥವಾ ಸಾಕುವ ಬೇರೆಯವರಿಗೆ ಕೊಡಿ.

ಸಿಂಹಮೀನಿನ ಬಗ್ಗೆ ಇನ್ನೊಂದು ಮಾತು. ಒಮ್ಮೆ ಆ ಹಿರಿಯರಿಗೆ ಅದರ ಮುಳ್ಳು ಚುಚ್ಚಿ ಕೈ ಊದಿ, ನೋವಿಗೆ ಬೆವರಿ ನೀರಾಗಿದ್ದರು. ತಡೆಯುವಷ್ಟು ಬಿಸಿಯ ನೀರಿನಲ್ಲಿ, ಅಂದರೆ 45 ಡಿಗ್ರಿ ಮೀರದಂತೆ, ಅರ್ಧ ಗಂಟೆಗೂ ಹೆಚ್ಚು ಕೈ ಮುಳುಗಿಸಿಟ್ಟು, ಆಮೇಲೆ ಆಸ್ಪತ್ರೆಗೆ ಹೋದರು. ಆ ವಿಷ ಒಂದು ಪ್ರೋಟೀನು, ಬಿಸಿಗೆ ಕೆಡುತ್ತದೆ. ನಮ್ಮೂರಲ್ಲಿ ತೇಡೆ ಮೀನಿನ ಮುಳ್ಳು ಚುಚ್ಚಿದರೆ ಅಮ್ಮ ಮಾಡುವುದೂ ಬಿಸಿನೀರೇ. ಅವಳಿಗೆ ಪ್ರೋಟೀನು ಗೊತ್ತಿಲ್ಲ, ಮದ್ದು ಗೊತ್ತು.

ಅಂಗಡಿಯಲ್ಲಿ "ತಂಟೆಕೋರ ಮೀನು" ಎಂಬ ಪಟ್ಟಿಯೇ ಇತ್ತು. ಟ್ರಿಗರ್ ಮೀನು ಬೆರಳು ಕಚ್ಚುತ್ತದೆ, ಏಡಿ ಶಂಖಗಳನ್ನು ಪುಡಿ ಮಾಡುತ್ತದೆ, ಕಲ್ಲುಗಳನ್ನೇ ಎಳೆದಾಡುತ್ತದೆ. ಪೆಟ್ಟಿಗೆ ಆಕಾರದ ಬಾಕ್ಸ್‌ಫಿಶ್ ತಾನಾಗಿ ಯಾರ ತಂಟೆಗೂ ಹೋಗದು, ಆದರೆ ಗಾಬರಿಯಾದರೆ ಚರ್ಮದಿಂದ ವಿಷ ಬಿಡುತ್ತದೆ. ಕಡಲಲ್ಲಿ ಅದು ಕರಗಿಹೋಗುತ್ತದೆ, ತೊಟ್ಟಿಯಲ್ಲಿ ಎಲ್ಲ ಮೀನೂ ಸಾಯಬಹುದು. ಮ್ಯಾಂಡರಿನ್ ಎಂಬ ಪುಟ್ಟ ಮೀನು ರೇಷ್ಮೆ ಸೀರೆಯ ಹಾಗಿರುತ್ತದೆ. ಅದು ತಿನ್ನುವುದು ಕಲ್ಲಿನ ಮೇಲೆ ಓಡಾಡುವ ಸಾಸಿವೆಗಿಂತ ಚಿಕ್ಕ ಜೀವಿಗಳನ್ನು. ಹೆಚ್ಚಿನ ಮನೆಗಳಲ್ಲಿ ಕೆಲವೇ ತಿಂಗಳಲ್ಲಿ ಹಸಿದು ಸಾಯುತ್ತದೆ, ಕಾಳು ಹಾಕಿದರೂ ಮೂಸುವುದಿಲ್ಲ. ಅದನ್ನೂ ನಾವು "ತಂಟೆ" ಎಂದೇ ಬರೆದಿದ್ದೆವು. ಈಗ ಯೋಚಿಸಿದರೆ, ಆ ಪಟ್ಟಿಯ ಒಂದು ಮೀನೂ ಕಡಲಲ್ಲಿ ತಂಟೆಕೋರ ಅಲ್ಲ.

ಸಮುದ್ರದ ಬಣ್ಣದ ಮೀನುಗಳಲ್ಲಿ ಬಹುಪಾಲು ಇವತ್ತಿಗೂ ಕಡಲಿನಿಂದಲೇ ಹಿಡಿದು ತಂದವು. ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಲ್ಲಿ ಹವಳದ ಸಂದಿಗೆ ಸಯನೈಡ್ ಚಿಮುಕಿಸಿ ಮೀನಿಗೆ ಮತ್ತು ಬರಿಸಿ ಹಿಡಿಯುವ ಕೆಟ್ಟ ಪದ್ಧತಿ ಇದ್ದದ್ದು ಎಲ್ಲರಿಗೂ ಗೊತ್ತಿರುವ ವಿಷಯ. ಅದರಿಂದ ಹವಳವೂ ಸಾಯುತ್ತದೆ. ಸಮಾಧಾನದ ಸುದ್ದಿ ಎಂದರೆ ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮತ್ತು ಡ್ಯಾಮ್ಸೆಲ್ ಮೀನುಗಳನ್ನು ಮೊಟ್ಟೆಯಿಂದ ಮರಿ ಮಾಡಿ ಬೆಳೆಸುವ ವಿಧಾನ ಕಂಡುಹಿಡಿದಿದ್ದಾರೆ. ಸಾಕಲೇಬೇಕೆನ್ನುವವರು ಅಂಥ ಮರಿಗಳನ್ನೇ ಕೇಳಿ ಕೊಳ್ಳಬಹುದು. ಹವಳ ಮತ್ತು ಕಡಲ್ಗುದುರೆ ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ರಕ್ಷಿತ ಜೀವಿಗಳು. ಕಡಲಿನಿಂದ ಕಿತ್ತು ತರುವುದು, ಮಾರುವುದು ಅಪರಾಧ. ಬೀಚಿನಲ್ಲಿ ಯಾರಾದರೂ ಮಾರಲು ಬಂದರೆ ತಗೊಳ್ಳಬೇಡಿ.

ಕೊನೆಗೆ ಡಾಮಿನೋ ಎಲ್ಲಿಗೆ ಹೋಯಿತು? ನಮ್ಮ ಗಿರಾಕಿಯೊಬ್ಬರ ಹತ್ತಡಿ ತೊಟ್ಟಿಗೆ. ಅಲ್ಲಿ ಟ್ರಿಗರ್ ಮುಂತಾದ ಗಟ್ಟಿ ಮೀನುಗಳೇ ಇದ್ದವು. ಬಿಟ್ಟ ದಿನ ನಾನು ಅಲ್ಲೇ ನಿಂತು ನೋಡಿದೆ. ಏಳನೇ ಮಹಡಿಯ ದೊರೆ ಇಲ್ಲಿ ಕೊನೆಗೆ ಬಂದವನು. ಒಂದು ಕಲ್ಲಿನ ಸೀಳಿಗೆ ನುಗ್ಗಿ, ಬೆನ್ನ ರೆಕ್ಕೆ ಮಡಚಿ, ಎರಡು ವಾರ ಹೊರಗೆ ಬರಲಿಲ್ಲ. ಪ್ರತಿ ಸಲ ಹೋದಾಗಲೂ ನಾನು ಆ ಸೀಳಿನ ಹತ್ತಿರವೇ ಒಂದಿಷ್ಟು ಆಹಾರ ಬಿಡುತ್ತಿದ್ದೆ. ಆಮೇಲೆ ನಿಧಾನ ಹೊರಗೆ ಬಂತು, ತನಗೊಂದು ಮೂಲೆ ಮಾಡಿಕೊಂಡಿತು. ಅಟ್ಟಲು ಹೋಗುತ್ತಿತ್ತು, ಆದರೆ ಅಟ್ಟಿಸಿಕೊಂಡವರಿಗೆ ಓಡಲು ಜಾಗವಿತ್ತು. ಯಾರೂ ಸಾಯಲಿಲ್ಲ.

ಇತ್ತ ಹುಡುಗಿಯ ಮನೆಯ ಕ್ಲೌನ್ ಮೀನು ಎರಡೇ ದಿನದಲ್ಲಿ ಬಲಮೂಲೆ ಬಿಟ್ಟು ಇಡೀ ತೊಟ್ಟಿ ಈಜಾಡತೊಡಗಿತು. ತಿಂಗಳ ನಂತರ ಅದಕ್ಕೊಂದು ಚಿಕ್ಕ ಜೊತೆ ತಂದೆವು, ಮೊದಲು ವಾರ ತೂತಿನ ಡಬ್ಬಿಯಲ್ಲಿಟ್ಟು. ಜಾಲರಿಯನ್ನು ಅವತ್ತೇ ಹಾಕಿದೆ.

ಪಿಜಿಯ ಹುಡುಗಿಗೆ ಫೋನ್ ಮಾಡಲು ನನಗೆ ಇನ್ನೂ ಎರಡು ತಿಂಗಳು ಬೇಕಾಯಿತು. ಪತ್ರಿಕೆಯವರು ಸಂಬಳ ಕೊಡಲು ಒಪ್ಪಿ, ನಾನು ಅಂಗಡಿ ಬಿಟ್ಟು, ಪಿಜಿ ಖಾಲಿ ಮಾಡುವ ಹಿಂದಿನ ರಾತ್ರಿ ಮಾಡಿದೆ. ಅವಳು ಯಾರು ಎಂದಳು. ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ನಾನು ಮಾಡಿದ್ದನ್ನೆಲ್ಲ ಒಂದೊಂದಾಗಿ ಹೇಳಿ ತಪ್ಪಾಯಿತು ಎಂದೆ, ರೊಟ್ಟಿಯ ವಿಷಯವನ್ನೂ.

"ಆಯ್ತ್ರಿ ಬಿಡ್ರಿ" ಎಂದಳು. ಅದು ಕ್ಷಮಿಸಿದ್ದೋ, ಮಾತು ಮುಗಿಸಿದ್ದೋ ನನಗೆ ತಿಳಿಯಲಿಲ್ಲ, ಕೇಳುವ ಹಕ್ಕೂ ಇರಲಿಲ್ಲ. ಫೋನ್ ಇಡುವ ಮುಂಚೆ ಅವಳೇ ಒಂದು ಮಾತು ಕೇಳಿದಳು.

"ನನ್ ಮಂಚಕ್ಕ ಈಗ ಯಾರ ಬಂದಾರ?"

ಯಾದಗಿರಿಯ ಹುಡುಗಿಯೊಬ್ಬಳು ಬಂದಿದ್ದಾಳೆ, ನಾಳೆಯಿಂದ ಕಿಟಕಿ ಪಕ್ಕದ ಮಂಚ ಅವಳದ್ದು ಎಂದೆ.

"ಬೀರುದ ಕೀಲಿನೂ ಕೊಟ್ಟ ಹೋಗ್ರಿ" ಎಂದಳು.

ಕೊಟ್ಟು ಬಂದೆ.